ಅವ್ವನ ಮೊಣಕಾಲಿನ ಬೆಲ್ಟು

ಹೋದ ವರ್ಷ ತೊಗರಿ ರಾಶಿ ಟೈಮಿನ್ಯಾಗ ಒಂದಿನ ರಾತ್ರಿ ಅಂಗಡಿ ಬಂದ್ ಮಾಡಿ ಮನಿಗಿ ಬಂದ್ರ ಅವ್ವ ಪಡಸಾಲ್ಯಾಗ ಕಾಲ್ ಚಾಚಿ ಕುಂತಿದ್ಳು, ಎಡಗಾಲಿಗಿ ನೀಲಿ ಬಣ್ಣದ್ದೊಂದು ಬೆಲ್ಟ್ ಕಟ್ಕೊಂಡು. ನಡುವ ತೂತಿರ್ತದಲ್ಲ, ಮೊಣಕಾಲ್ ಚಿಪ್ಪು ಅದರಾಗಿಂದ ಹೊರಗ ಕಾಣ್ತದ, ಆ ನಮೂನಿದು. ತಂಗಿ ತಂದ್ಕೊಟ್ಟಿರ್ಬೇಕು ಅಂದ್ಕೊಂಡು ನಾ ಕೈಕಾಲ್ ತೊಳ್ಕೊಂಡು ಊಟಕ್ಕ ಕುಂತೆ. ರೊಟ್ಟಿ ಮುರೀತಾ ಸುಮ್ಕ ಕೇಳ್ದೆ, ಎಷ್ಟ್ ಕೊಟ್ಟಳಂತ ಅದಕ್ಕ ಅಂತ. ಅವ್ವ ಭಾಳ ಖುಷಿಲಿಂದ ಹೇಳಿದ್ಳು: ‘ರೊಕ್ಕ ಯಾಕ್ ಕೊಡೋದು, ಸರ್ಕಾರದವ್ರು ಫುಕಟ್ ಕಳ್ಸ್ಯಾರ. ಆಯುಷ್ಮಾನ್ ಆಫೀಸಿಂದ ಫೋನ್ ಬಂದಿತ್ತು.’

ರೊಟ್ಟಿ ಕೈಯಾಗೇ ಉಳೀತು.

ಮೊದ್ಲ ನನ್ ಬಗ್ಗೆ ಹೇಳ್ಬೇಕು, ಇಲ್ಲಂದ್ರ ಈ ಕಥಿ ಎಷ್ಟ್ ನಾಚಿಕಿದು ಅಂತ ನಿಮಗ ಗೊತ್ತಾಗಲ್ಲ. ಕಲಬುರಗಿ ಸೂಪರ್ ಮಾರ್ಕೆಟ್ ಹತ್ರ ಒಂದ್ ಗಲ್ಲ್ಯಾಗ ನಂದೊಂದು ಆನ್‌ಲೈನ್ ಸೆಂಟರ್ ಅದ. ಝೆರಾಕ್ಸ್, ಲ್ಯಾಮಿನೇಷನ್, ಪ್ಯಾನ್ ಕಾರ್ಡು, ಪಹಣಿ, ರೇಷನ್ ಕಾರ್ಡಿನ ತಿದ್ದುಪಡಿ, ಪೆನ್ಶನ್ ಅರ್ಜಿ, ಆಯುಷ್ಮಾನ್ ಕಾರ್ಡು. ಹೌದು, ಆಯುಷ್ಮಾನ್ ಕಾರ್ಡು, ದವಾಖಾನ್ಯಾಗ ಫುಕಟ್ ಚಿಕಿತ್ಸೆ ಸಿಗೋ ಸರ್ಕಾರದ ಕಾರ್ಡು. ಅರ್ಧ ಊರಿಗಿ ಕಾರ್ಡ್ ಮಾಡ್ಕೊಟ್ಟಾವ ನಾನು. ಓಟಿಪಿ ಅಂದ್ರೇನು, ಅದನ್ನ ಯಾರ್ ಕೇಳ್ತಾರ, ಯಾಕ್ ಕೇಳ್ತಾರ, ಇದೇ ನನ್ ಹೊಟ್ಟಿಪಾಡು. ಮನ್ಯಾಗ ಮಾತ್ರ ಹಿತ್ತಲ ಗಿಡ ಮದ್ದಲ್ಲ ಅಂದಂಗ. ಅವ್ವ ಆರ್ ತಿಂಗಳಿಂದ ಮೊಣಕಾಲ್ ನೋವು ಅಂತ ಹೇಳ್ಲತ್ತಿದ್ಳು, ನಾನು ‘ನೋಡೋಣಂತ ತಗೋ’ ಅಂತ ಹೇಳ್ಕೋತ ಬಂದಿದ್ದೆ.

ಊಟ ಬಿಟ್ಟು ಎದ್ದು ಒಂದೊಂದೇ ಕೇಳ್ದೆ. ಫೋನ್ ಬಂದು ಎರಡು ವಾರ ಆಗಿತ್ತಂತ. ಹುಡುಗ ನಮ್ ಕಡಿದೇ ಮಾತು ಮಾತಾಡ್ಲತ್ತಿದ್ದ, ಬೆಂಗಳೂರ್ ಕನ್ನಡ ಅಲ್ಲ, ‘ಅವ್ವಾರೆ ಆರಾಮ್ ಇದ್ದೀರೇನ್ರಿ, ಊಟ ಆಯ್ತೇನ್ರಿ’ ಅಂತ ಶುರು ಮಾಡಿದ್ನಂತ. ಆಮ್ಯಾಲ ‘ನಿಮಗ ಮೊಣಕಾಲ್ ನೋವು ಅದಲ್ರಿ’ ಅಂದ. ಅವ್ವಗ ಆಶ್ಚರ್ಯ ಆಯ್ತು, ಇವನಿಗ್ಹೆಂಗ ಗೊತ್ತಾಯ್ತು ಅಂತ. (ಎಪ್ಪತ್ತು ದಾಟಿದ ಹೆಣ್ಮಗಳಿಗಿ ಮೊಣಕಾಲ್ ನೋವು ಅದ ಅಂತ ಹೇಳ್ಲಕ್ಕ ದೊಡ್ಡ ಜ್ಯೋತಿಷಿ ಆಗಬೇಕೇನ್ರಿ? ಹೊಲದಾಗ ಕಳೆ ತಗ್ದ ಕಾಲವು.) ಮಾತ್ರೆ ಯಾವ್ದು ತಗೋತೀರಿ, ಶುಗರ್ ಅದೇನು, ರಾತ್ರಿ ನಿದ್ದಿ ಬರ್ತದೇನು, ಮಗ ದವಾಖಾನಿಗಿ ಕರ್ಕೊಂಡು ಹೋಗ್ತಾನೇನು ಅಂತ ಕೇಳ್ಯಾನ. ಈ ಕೊನೀ ಪ್ರಶ್ನೆಗೆ ಅವ್ವ ಏನ್ ಹೇಳಿದ್ಳು ಅಂತ ನಾ ಕೇಳಿಲ್ಲ, ಆಕೀನೂ ಹೇಳಿಲ್ಲ.

ಆಮ್ಯಾಲ ಆಧಾರ್ ನಂಬರ್. ಅವ್ವ ಚೀಲದಾಗಿಂದ ಕಾರ್ಡ್ ತಗ್ದು ಓದ್ಯಾಳ, ನಾನೇ ನನ್ನ ಅಂಗಡ್ಯಾಗ ಲ್ಯಾಮಿನೇಷನ್ ಮಾಡ್ಸಿ ಕೊಟ್ಟ ಕಾರ್ಡು, ಮೂಲಿ ದುಂಡಗ ಕತ್ತರ್ಸಿದ್ದು. ಆಮ್ಯಾಲ ‘ಈಗ ಆರು ಅಂಕಿ ಬರ್ತಾವ, ಹೇಳ್ರಿ ಲಗೂ, ಟೈಮ್ ಮುಗೀತದ’. ಅಕ್ಷರ ಕಷ್ಟ ಆದ್ರೂ ಅಂಕಿ ಓದ್ಲಕ್ಕ ಅವ್ವಗ ಬರ್ತದ, ನಾಲ್ಕನೇತ್ತ ಓದ್ಯಾಳ. ಒಂದ್ಸಲ ಹೇಳಿದ್ಳು. ಎರಡ್ನೇಸಲ ಬಂತು, ಅದೂ ಹೇಳಿದ್ಳು. ಹತ್ತು ದಿನಕ್ಕ ಕೊರಿಯರ್ ಹುಡುಗ ಬೆಲ್ಟ್ ತಂದ್ಕೊಟ್ಟ.

ಬೆಲ್ಟ್ ಬಂತಲ್ಲ, ಅದೇ ನನ್ನ ತಲಿ ಕೆಡಿಸಿದ್ದು. ಮೋಸ ಮಾಡೋರು ಏನರೆ ಕಳಸ್ತಾರೇನು? ಮಾರ್ಕೆಟಿನ್ಯಾಗ ಇನ್ನೂರು-ಮುನ್ನೂರಕ್ಕ ಸಿಗೋ ಮಾಲು, ಆದ್ರ ಖರೇ ಬೆಲ್ಟು. ಅವ್ವನ ಬ್ಯಾಂಕ್ ಖಾತಿ ನೋಡ್ದೆ, ಒಂದ್ ರೂಪಾಯಿ ಅಲುಗಾಡಿಲ್ಲ. ಪೆನ್ಶನ್ ಅಲ್ಲೇ ಅದ, ಗೃಹಲಕ್ಷ್ಮಿದು ಅಲ್ಲೇ ಅದ. ಮತ್ತ ಏನ್ ಹೋಯ್ತು?

ಮರುದಿನ ಸೈಬರ್ ಮೋಸದ ಸಹಾಯವಾಣಿ 1930 ಕ್ಕ ಫೋನ್ ಹಚ್ಚಿ, ಆಮ್ಯಾಲ ಠಾಣೆಗೂ ಹೋದೆ. ಅಲ್ಲಿ ಕುಂತ ಪೊಲೀಸಪ್ಪ ಪಾಪ ಒಳ್ಳೇ ಮನುಷ್ಯಾ, ಚಾ ಕುಡಿಸಿ ಕೇಳ್ದ, ‘ರೊಕ್ಕ ಎಷ್ಟ್ ಹೋಗ್ಯಾದ್ರಿ?’ ಏನೂ ಹೋಗಿಲ್ರಿ ಅಂದೆ. ‘ಏನೂ ಹೋಗಿಲ್ಲಾ? ಮ್ಯಾಲ ಬೆಲ್ಟ್ ಬೇರೆ ಬಂದದ. ನಿಮಗೇ ಲಾಭ ಆಗ್ಯಾದಲ್ರಿ!’ ಅಂತ ನಕ್ಕ. ನಾನೂ ನಕ್ಕೆ, ಏನ್ ಮಾಡೋದು. ಅವರ ತಪ್ಪಲ್ಲ ಅದು. 1930 ಇರೋದೇ ರೊಕ್ಕ ಹೋದ ತಕ್ಷಣ ಮುಂದಿನ ಖಾತ್ಯಾಗ ಅದನ್ನ ತಡೀಲಕ್ಕ, ಎಷ್ಟ್ ಲಗೂ ಫೋನ್ ಮಾಡ್ತೀರಿ ಅಷ್ಟ್ ಉಳೀತದ. ಇಲ್ಲಿ ತಡೀಲಕ್ಕ ಏನದ? ದೂರು ಬರ್ಕೊಂಡ್ರು, ನಂಬರ್ ತಗೊಂಡ್ರು, ಆ ನಂಬರಿಗಿ ಹಚ್ಚಿದ್ರ ಸ್ವಿಚ್ ಆಫ್.

ಮನಿಗಿ ಬಂದು ಆಧಾರ್ ವೆಬ್‌ಸೈಟ್ ತಗ್ದೆ. ಅದರಾಗ ಅಥೆಂಟಿಕೇಷನ್ ಹಿಸ್ಟರಿ ಅಂತ ಒಂದದ, ಹಿಂದಿನ ಆರು ತಿಂಗಳಾಗ ನಿಮ್ ಆಧಾರ್ ಎಲ್ಲೆಲ್ಲಿ ಬಳಸ್ಯಾರ, ಯಾವ ತಾರೀಖು, ಓಟಿಪಿನೋ ಬೆರಳೋ, ಎಲ್ಲಾ ತೋರಸ್ತದ. ಗಿರಾಕಿಗಳಿಗಿ ನಾ ಇದನ್ನ ಎಂದೂ ತೋರ್ಸಿದ್ದಿಲ್ಲ, ಯಾರೂ ಕೇಳಿದ್ದಿಲ್ಲ. ಒಳಗ ಹೋಗ್ಲಕ್ಕ ಓಟಿಪಿ ಬೇಕಲ್ಲ. ಅವ್ವಾ ಫೋನ್ ನೋಡು ಅಂದೆ. ಅಡಿಗಿಮನ್ಯಾಗಿಂದೇ ಒದರಿದ್ಳು, ‘ಮೂರು, ಎಂಟು, ಸೊನ್ನಿ…’

ಯಾಕ್ ಬೇಕು ಅಂತಾನೂ ಕೇಳ್ಲಿಲ್ಲ. ಆಗ ನನಗ ಕಪಾಳಕ್ಕ ಹೊಡ್ದಂಗಾಯ್ತು. ಇದನ್ನ ಕಲಸ್ದಾವ್ರು ಯಾರು?

ನಾವೇ ಕಲ್ಸೀವಿ. ನನ್ನಂಥಾವ್ರೇ ಕಲ್ಸ್ಯಾರ. ದಿನಾ ಮುಂಜಾನೆ ಹತ್ತಕ್ಕ ಅಂಗಡಿ ಬಾಗಿಲು ತಗೀತೀನಿ, ಆಗಲೇ ನಾಲ್ಕೈದು ಮಂದಿ ಕಟ್ಟಿಮ್ಯಾಲ ಕುಂತಿರ್ತಾರ, ಅಫಜಲಪುರದಿಂದ ಬಂದ ಮುತ್ಯಾ, ಆಳಂದದ ಕಡಿ ಹಳ್ಳಿಂದ ಫುಕಟ್ ಬಸ್ಸಿಗಿ ಬಂದ ಆಯಿ. ಬೆರಳ್ ಇಟ್ರ ಮಶೀನು ತಗೊಳಲ್ಲ, ಯಾಕಂದ್ರ ತೊಗರಿ ಕೊಯ್ದು, ಕಲ್ಲ್ ಹೊತ್ತು, ಪಾತ್ರಿ ತಿಕ್ಕಿ ಆ ಗೆರಿ ಎಲ್ಲಾ ಅಳಸಿ ಹೋಗಿರ್ತಾವ. ಬೆರಳ್ ಬರ್ಲಿಲ್ಲಂದ್ರ ಓಟಿಪಿ. ರೇಷನ್ ಕಾರ್ಡಿಗಿ ಓಟಿಪಿ, ಗ್ಯಾಸಿಗಿ ಓಟಿಪಿ, ಕಿಸಾನ್ ಸಮ್ಮಾನ್ ಎರಡು ಸಾವಿರಕ್ಕ ಓಟಿಪಿ. 2023 ರ ಮಳಿಗಾಲದಾಗ ಗೃಹಲಕ್ಷ್ಮಿ ಅರ್ಜಿ ಶುರು ಆದಾಗ ಊರಾಗ ಯಾವ ಸೆಂಟರ್ ಮುಂದ ನೋಡಿದ್ರೂ ಹೆಣ್ಮಕ್ಕಳ ಸಾಲು, ಸರ್ವರ್ ಬರೋದು ಹೋಗೋದು, ಆ ಗದ್ದಲದಾಗ ಎಲ್ಲಾರೂ ಒದರೋದು ಒಂದೇ ಮಾತು, ‘ಓಟಿಪಿ ಬಂತೇನ್ ನೋಡು ಅಮ್ಮಾ, ಹೇಳು ಲಗೂ, ಟೈಮ್ ಮುಗೀತದ!’ ಮೆಸೇಜಿನ್ಯಾಗ ಇಂಗ್ಲಿಷಿನ್ಯಾಗ ಬರ್ದಿರ್ತದ ಇದನ್ನ ಯಾರಿಗೂ ಹೇಳ್ಬ್ಯಾಡ್ರಿ ಅಂತ. ನಾನು ಕನ್ನಡದಾಗ ಒದರ್ತೀನಿ ಹೇಳ್ರಿ ಅಂತ. ಅವ್ರು ಯಾರ್ ಮಾತ್ ಕೇಳ್ಬೇಕು?

ನೋಡ್ರಿ, ಅವ್ವಗ ಫೋನ್ ಮಾಡಿದ ಹುಡುಗ ಹೇಳಿದ ಮಾತು ನಂದೇ ಮಾತು. ಅದೇ ‘ಲಗೂ’, ಅದೇ ‘ಟೈಮ್ ಮುಗೀತದ’. ಹತ್ತು ವರ್ಷದಿಂದ ಈ ಮುದುಕರಿಗಿ ನಾವು ಅಭ್ಯಾಸ ಮಾಡ್ಸೀವಿ, ಕೌಂಟರ್ ಹಿಂದ ಕುಂತ ಅಪರಿಚಿತನಿಗಿ ಆರು ಅಂಕಿ ಹೇಳಿದ್ರ ಸರ್ಕಾರದ ಬಾಗಿಲು ತೆರೀತದ ಅಂತ. ಒಬ್ಬಾಕಿ ಆಯಿ ಅಂಗೈಮ್ಯಾಲ ಪೆನ್ನಿಲಿಂದ ಬರ್ಸ್ಕೊಂಡ್ ಬರ್ತಾಳ. ಇನ್ನೊಬ್ಬ ಕಾಕಾ ಫೋನೇ ನನ್ನ ಕೈಯಾಗ ಕೊಟ್ಟು ‘ನೀನೇ ನೋಡ್ಕೋ ತಮ್ಮ, ನಾ ಚಾ ಕುಡದ್ ಬರ್ತೀನಿ’ ಅಂತ ಹೋಗಿಬಿಡ್ತಾನ, ಅರ್ಧ ತಾಸು ಬರಂಗೇ ಇಲ್ಲ. ಇಷ್ಟೆಲ್ಲಾ ಮಾಡಿ, ಮೋಸ ಆದಮ್ಯಾಲ ನಾವು ಅಂತೀವಿ, ಅಯ್ಯೋ ಈ ಮುದುಕರು ಹೆಂಗ ಓಟಿಪಿ ಹೇಳ್ಬಿಟ್ರು, ಬುದ್ಧಿ ಇಲ್ಲೇನು ಅಂತ. ಟಿವಿಯಾಗ ಜಾಗೃತಿ ಜಾಹೀರಾತು ಬಂದಾಗೆಲ್ಲಾ ನನಗ ಸಿಟ್ ಬರ್ತದ, ಯಾರಿಗೂ ಹೇಳ್ಬೇಡಿ ಅಂತ ಹೇಳಿ ಮುಗಸ್ತಾರ. ಹೇಳದಿದ್ರ ರೇಷನ್ ಯಾರ್ ಕೊಡ್ತಾರ?

ಹಿಸ್ಟರಿಯಾಗ ಕಂಡಿದ್ದು ಇಷ್ಟು. ಫೋನ್ ಬಂದ ದಿನ, ಮಧ್ಯಾಹ್ನ ಹೊತ್ತು, ಕೆಲವೇ ನಿಮಿಷದಾಗ ಎರಡು ಸಲ ಓಟಿಪಿಲಿಂದ ಕೆವೈಸಿ, ಅಂದ್ರ ಗುರುತಿನ ಖಾತ್ರಿ, ಆರೋಗ್ಯ ಯೋಜನೆ ಕಡಿಂದು. ಬ್ಯಾಂಕ್ ಅಲ್ಲ, ಸಿಮ್ ಅಲ್ಲ. ಯಾರೋ ಅವ್ವನ ಹೆಸರಿನ್ಯಾಗ ದವಾಖಾನಿ ಕಡಿ ಬಾಗಿಲು ತಗ್ದಾರ.

ಅದೇ ವಾರ ಡಲ್ಲಾಸಿನ್ಯಾಗ ಇರೋ ದೋಸ್ತ ಫೋನ್ ಮಾಡ್ದ. ನಾವಿಬ್ರೂ ಇಲ್ಲೇ ಪಿಡಿಎ ಕಾಲೇಜಿನ್ಯಾಗ ಕೂಡೇ ಓದಿದಾವ್ರು, ಅವ ಅಮೆರಿಕಾಕ್ಕ ಹೋದ, ನಾ ಸೂಪರ್ ಮಾರ್ಕೆಟ್ ಗಲ್ಲಿಗಿ ಬಂದೆ. ಬೆಲ್ಟಿನ ಕಥಿ ಹೇಳ್ದ ಕೂಡ್ಲೇ ಅವ ‘ಏ, ಇದು ಇಲ್ಲಿಂದೇ ಕಥಿ ಅದಲ್ಲೋ’ ಅಂದ. ಅಲ್ಲಿ 65 ದಾಟಿದಾವ್ರಿಗಿ ಮೆಡಿಕೇರ್ ಅಂತ ಸರ್ಕಾರದ ಆರೋಗ್ಯ ವಿಮಾ ಅದ, 1965 ರ ಕಾನೂನು. ಅವ್ರಿಗೂ ಹಿಂಗೇ ಫೋನು. ಬೆನ್ ನೋವು ಅದೇನು, ಮೊಣಕಾಲ್ ನೋವು ಅದೇನು, ಫ್ರೀ ಬೆಲ್ಟ್ ಕಳಸ್ತೀವಿ, ಮೆಡಿಕೇರ್ ನಂಬರ್ ಹೇಳ್ರಿ. ಫೋನ್ ಮಾಡೋ ಕಾಲ್ ಸೆಂಟರ್‌ಗಳು ಫಿಲಿಪ್ಪೀನ್ಸಿನ್ಯಾಗ, ಲ್ಯಾಟಿನ್ ಅಮೆರಿಕಾದಾಗ. ಅಲ್ಲಿಂದ ಮುದುಕರ ಹೆಸರಿನ ಪಟ್ಟಿ ಡಾಕ್ಟರ್‌ಗಳ ಕೈಗಿ, ಅವ್ರು ಪೇಷಂಟ್ ಮುಖಾನೇ ನೋಡ್ದೇ ಇವ್ರಿಗಿ ಬೆಲ್ಟ್ ಬೇಕು ಅಂತ ಸಹಿ ಹಾಕೋದು, ಆ ಸಹಿ ಕಾಗದ ಬೆಲ್ಟ್ ಕಂಪನಿಗಳ ಕೈಗಿ, ಕಂಪನಿ ಸರ್ಕಾರಕ್ಕ ದೊಡ್ಡ ಬಿಲ್ ಹಾಕಿ ಮುದುಕರಿಗಿ ಒಂದ್ ಸಸ್ತಾ ಬೆಲ್ಟ್ ಪೋಸ್ಟ್ ಮಾಡೋದು. ಪ್ರತಿ ಕೈಗೂ ಕಮಿಷನ್. 2019 ರ ಏಪ್ರಿಲಿನ್ಯಾಗ ಅಮೆರಿಕಾ ಸರ್ಕಾರ ಇದರ ಮ್ಯಾಲ 24 ಮಂದಿಗಿ ಕೇಸ್ ಹಾಕ್ತು, ನಷ್ಟ 120 ಕೋಟಿ ಡಾಲರಿಗಿಂತಾ ಹೆಚ್ಚು ಅಂತ ಲೆಕ್ಕ. ಆ ಕಾರ್ಯಾಚರಣೆಗೆ ಅವ್ರು ಇಟ್ಟ ಹೆಸ್ರು ‘ಆಪರೇಷನ್ ಬ್ರೇಸ್ ಯುವರ್‌ಸೆಲ್ಫ್’. ಬ್ರೇಸ್ ಅಂದ್ರ ಈ ಬೆಲ್ಟೇ.

ಅಲ್ಲಿ ಬೆಲ್ಟ್ ಯಾಕ್ ಕಳಸ್ತಿದ್ರು ಅಂತ ಕೇಳಿದ್ದಕ್ಕ ದೋಸ್ತ ಸರಳ ಹೇಳ್ದ: ಪಾರ್ಸಲ್ ತಲುಪಿದ ರಸೀದಿ ಬೇಕಲ್ಲೋ, ಇಲ್ಲಂದ್ರ ಬಿಲ್ಲಿಗಿ ಆಧಾರ ಏನು? ಮ್ಯಾಲಾಗಿ ಬೆಲ್ಟ್ ಬಂದಾಕಿ ದೂರು ಕೊಡಂಗಿಲ್ಲ, ಖುಷಿ ಪಡ್ತಾಳ, ಓಣ್ಯಾಗ ನಾಲ್ಕ್ ಮಂದಿಗಿ ಹೇಳ್ತಾಳ.

ಅದು ಖರೇ. ಅವ್ವ ಅಷ್ಟೊತ್ತಿಗೆ ಓಣ್ಯಾಗ ಮೂರು ಮಂದಿಗಿ ಆ ನಂಬರ್ ಕೊಟ್ಟಿದ್ಳು.

ದೋಸ್ತನ ಹೆಂಡತಿ ಅಪ್ಪಗೂ ಒಂದ್ಸಲ ಆಗಿತ್ತಂತ, ಬೆಲ್ಟ್ ಅಲ್ಲ, ಕ್ಯಾನ್ಸರ್ ಟೆಸ್ಟು. ಗಲ್ಲದ ಒಳಗ ಹತ್ತಿ ಕಡ್ಡಿ ತಿಕ್ಕಿ ಲಕೋಟ್ಯಾಗ ಹಾಕಿ ಕಳಸ್ರಿ, ನಿಮಗ ಮುಂದ ಕ್ಯಾನ್ಸರ್ ಬರ್ತದೋ ಇಲ್ಲೋ ಹೇಳ್ತೀವಿ, ಎಲ್ಲಾ ಫ್ರೀ. ಇದರದ್ದೂ ದೊಡ್ಡ ಕೇಸೇ ಅದ, 2019 ರ ಸೆಪ್ಟೆಂಬರಿನ್ಯಾಗ 35 ಮಂದಿ ಮ್ಯಾಲ, ಸುಳ್ಳು ಬಿಲ್ 210 ಕೋಟಿ ಡಾಲರಿಗೂ ಮ್ಯಾಲ. ಮೆಡಿಕೇರ್ ಆ ಬಿಲ್ಲಿಗಿ ಒಲ್ಲೆ ಅಂದ್ರ ಪೂರ್ತಿ ಖರ್ಚು ಮುದುಕರ ತಲಿಮ್ಯಾಲೇ ಬೀಳಬಹುದು. ಮಾವ ತಪ್ಪಿಸ್ಕೊಂಡಿದ್ದು ಹೆಂಗಂದ್ರ ಮೆಡಿಕೇರಿನಾವ್ರು ಆಗಾಗ ಮನಿಗಿ ಒಂದ್ ಕಾಗದ ಕಳಸ್ತಾರ, ನಿಮ್ ಹೆಸರಿಲೆ ಯಾವ್ಯಾವ ಡಾಕ್ಟರ್ ಎಷ್ಟೆಷ್ಟು ಬಿಲ್ ಹಾಕ್ಯಾರ ಅಂತ. ಮಾವ ಅದನ್ನ ಬ್ಯಾಂಕ್ ಪಾಸ್‌ಬುಕ್ ಓದಿದಂಗ ಓದ್ತಾರಂತ, ಇಲ್ಲೇ ಟ್ರೆಜರಿಯಾಗ ಕೆಲ್ಸ ಮಾಡಿ ರಿಟೈರ್ ಆಗಿ ಹೋದಾವ್ರು, ಲೆಕ್ಕದ ಚಟ. ಅಲ್ಲಿ ಪ್ರತಿ ರಾಜ್ಯದಾಗೂ ಮುದುಕರೇ ಮುದುಕರಿಗಿ ಇದನ್ನ ಓದ್ಲಕ್ಕ ಕಲ್ಸೋ ಸ್ವಯಂಸೇವಕರ ಗುಂಪೂ ಅವಂತ, ಸೀನಿಯರ್ ಮೆಡಿಕೇರ್ ಪಟ್ರೋಲ್ ಅಂತಾರ. ಇದು ನನಗ ಭಾಳ ಹಿಡಿಸ್ತು. ನನ್ನಂಥಾ ನಲ್ವತ್ತೈದರಾವ ಹೇಳೋದಕ್ಕೂ ಓರಗಿಯಾವ್ರು ಹೇಳೋದಕ್ಕೂ ಫರಕ್ ಅದ.

(ಅಮೆರಿಕಾದ ಮುದುಕರಿಗಿ ಫೋನ್ ಮಾಡಿ ಹೆದ್ರಸೋರಾಗ ನಮ್ ದೇಶದ ಹುಡುಗ್ರೂ ಕಮ್ಮಿ ಇಲ್ಲ ಬಿಡ್ರಿ. 2016 ರಾಗ ಮುಂಬೈ ಬಾಜು ಮೀರಾ ರೋಡಿನ್ಯಾಗ ಟ್ಯಾಕ್ಸ್ ಆಫೀಸಿನಾವ್ರು ಅಂತ ಸುಳ್ಳ್ ಹೇಳ್ಲತ್ತಿದ್ದ ಕಾಲ್ ಸೆಂಟರ್‌ಗಳ ಮ್ಯಾಲ ರೇಡ್ ಆಗಿತ್ತು. ಕಸುಬು ಕಲ್ತು ಈಗ ಮನಿ ಕಡಿ ತಿರುಗ್ಯಾರೇನೋ ಅಂತ ದೋಸ್ತ ನಕ್ಕ.)

ಅವ್ವ ಯಾಕ್ ನಂಬಿದ್ಳು ಅಂತ ನಾನು ಆಮ್ಯಾಲ ಸಮಾಧಾನಲಿಂದ ಕೇಳ್ದೆ. ಬೈಲಕ್ಕಲ್ಲ, ಖರೇ ತಿಳ್ಕೊಳಕ್ಕ. ಆಕೀ ಹೇಳಿದ್ದು ನಾ ಎಣಿಸಿದ್ದೇ ಇದ್ದಿಲ್ಲ. ‘ಕ್ಯಾಂಪೂ ಮಾಡ್ತಾರಂತೋ, ಮೋದಿ ಕ್ಯಾಂಪು. ನಿಮ್ ಮುತ್ಯಾನ ಕಣ್ಣು ಮೋದಿ ಕ್ಯಾಂಪಿನ್ಯಾಗೇ ಬಂದಿದ್ದು, ಮರ್ತಿ ಏನು?’ ಈ ಮೋದಿ ಅಲ್ರಿ, ಕಣ್ಣಿನ ಡಾಕ್ಟರ್ ಎಂ.ಸಿ. ಮೋದಿ, ಬೀಳಗಿಯಾವ್ರು, ಹಳ್ಳಿ ಹಳ್ಳಿಗಿ ಹೋಗಿ ಶಾಲಿಯಾಗ, ಚತ್ರದಾಗ ಕ್ಯಾಂಪ್ ಹಾಕಿ ಸಾಲ್‌ಸಾಲಾಗಿ ಮುದುಕರಿಗಿ ಪೊರೆ ತಗ್ದು ಕಣ್ಣ್ ಕೊಟ್ಟಾವ್ರು, ಒಂದ್ ಪೈಸಾ ತಗೊಳ್ದೆ. ಆ ಕಾಲದ ನಮ್ ಕಡಿ ಮಂದಿಗಿ ‘ಫ್ರೀ ಕ್ಯಾಂಪ್’ ಅಂದ್ರ ಮೋಸ ಅಂತ ನೆನಪಾಗಲ್ಲ, ಮುತ್ಯಾನ ಹಸಿರು ಪಟ್ಟಿ ಕಟ್ಟಿದ ಕಣ್ಣು ನೆನಪಾಗ್ತದ. ಈಗೀಗ ಆಯುಷ್ಮಾನಕ್ಕ ಮೋದಿ ಕಾರ್ಡು ಅಂತ ಮಂದಿ ಹೇಳೋದ್ ಕೇಳಿ ಅವ್ವನ ತಲ್ಯಾಗ ಎರಡೂ ಒಂದೇ ಆಗಿ ಕುಂತಾವ. ಆಕಿ ನಂಬಿಕಿಗಿ ಐವತ್ತು ವರ್ಷದ ಪುರಾವೆ ಅದ. ಆ ಹುಡುಗ ಅದನ್ನ ಬಳಸ್ಕೊಂಡ.

ಕ್ಯಾಂಪ್ ಅಂದ್ರ ನನ್ ಎದಿ ಝಲ್ ಅಂದಿದ್ದಕ್ಕ ಕಾರಣ ಬೇರೆ. 2024 ರ ನವೆಂಬರಿನ್ಯಾಗ ಗುಜರಾತಿನ ಮೆಹಸಾಣಾ ಜಿಲ್ಲಾ ಬೋರಿಸಣಾ ಅನ್ನೋ ಹಳ್ಳ್ಯಾಗ ಹಿಂಗೇ ಒಂದ್ ಫ್ರೀ ಕ್ಯಾಂಪ್ ಆಯ್ತು. ಮರುದಿನ 19 ಮಂದಿಗಿ ಬಸ್ಸಿನ್ಯಾಗ ಹತ್ತಿಸ್ಕೊಂಡು ಅಹಮದಾಬಾದಿನ ಒಂದು ಖಾಸಗಿ ದವಾಖಾನಿಗಿ ಒಯ್ದ್ರು. ಅವ್ರಾಗ ಏಳು ಮಂದಿಗಿ ಹೃದಯಕ್ಕ ಆಂಜಿಯೋಪ್ಲಾಸ್ಟಿ ಮಾಡಿದ್ರು, ಮನಿಯಾವ್ರಿಗಿ ಸರಿ ತಿಳ್ಸ್ದೇನೇ. ಇಬ್ರು ಸತ್ರು. ರೊಕ್ಕ ಆಯುಷ್ಮಾನ್ ಕಾರ್ಡಿಂದ. ಆಮ್ಯಾಲ ಕೇಸಾಯ್ತು, ಡಾಕ್ಟರ್ ಅರೆಸ್ಟ್ ಆದ್ರು. ಆ ಸುದ್ದಿ ಓದಿದಾಗ ದೂರದ್ದು ಅಂತ ಮಡಚಿಟ್ಟಿದ್ದೆ. ಅವ್ವಗ ಆ ಹುಡುಗ ‘ಮುಂದಿನ ತಿಂಗಳ ಗಾಡಿ ಕಳಸ್ತೀವಿ, ನೀವು ಬರೇ ಕಾರ್ಡ್ ತಗೊಂಡು ಕುಂದ್ರಿ’ ಅಂತಾನೂ ಹೇಳಿದ್ನಂತ. ನಾ ಬೆಲ್ಟ್ ನೋಡ್ಲಿಲ್ಲಂದ್ರ ಆಕೀ ಆ ಗಾಡಿ ಹತ್ತತಿದ್ಳು, ಮ್ಯಾಲಾಗಿ ಓಣಿ ಮೂರು ಮಂದಿಗೂ ಹತ್ತಿಸ್ಕೊಂಡು.

ರೊಕ್ಕ ಕದ್ರ ಮೆಸೇಜ್ ಬರ್ತದ, ಖಾತಿ ಕಮ್ಮಿ ಆಗ್ತದ, ಅಳ್ತೀವಿ, ಓಡ್ತೀವಿ. ಇದರಾಗ ಹೋಗೋದು ಕಾಣಂಗೇ ಇಲ್ಲ. ಆಯುಷ್ಮಾನ್ ಕಾರ್ಡಿನ್ಯಾಗ ಬಡತನ ರೇಖೆ ಕೆಳಗಿನ ಮನಿಗಿ ವರ್ಷಕ್ಕ 5 ಲಕ್ಷದ ತನಕ ಚಿಕಿತ್ಸೆ ಅದ, ಒಬ್ಬರಿಗಲ್ಲ, ಇಡೀ ಕುಟುಂಬಕ್ಕ. ಅದರಾಗ ಯಾರೋ ಸುಳ್ಳು ಆಪರೇಷನ್ ಬರ್ದು ಒಂದೂವರೆ ಲಕ್ಷ ಎತ್ಕೊಂಡ್ರ ನಾಳೆ ಖರೇ ಎದಿ ನೋವು ಬಂದಾಗ ಅಷ್ಟು ಕಮ್ಮಿ. ಅದಕ್ಕಿಂತಾ ನನಗ ಅಂಜಿಕಿ ಆಗಿದ್ದು ಕಾಗದದ್ದು. ಆಗದ ಆಪರೇಷನ್ ಆಗ್ಯಾದ ಅಂತ, ಇಲ್ಲದ ರೋಗ ಅದ ಅಂತ ಅವ್ವನ ಹೆಸರಿನ್ಯಾಗ ಬರ್ದಿಟ್ರ ಮುಂದ ಕುಂತ ಡಾಕ್ಟರ್ ಅದನ್ನೇ ಓದ್ತಾನ. ‘ಸರ್ಕಾರದ ರೊಕ್ಕ ಹೋದ್ರ ನಿಂದೇನ್ ಹೋಗ್ತದ’ ಅಂತ ನನಗ ಇಬ್ರು ಮೂವರು ಅಂದಾರ, ಓದಿದಾವ್ರೇ.

ಹದಿನೈದು ದಿನ ಆದಮ್ಯಾಲ ಕಣ್ ತೋರ್ಸೋ ನೆಪ ಮಾಡಿ ಅವ್ವಗ ಸರ್ಕಾರಿ ದವಾಖಾನಿಗಿ ಕರ್ಕೊಂಡ್ ಹೋದೆ. ಅಲ್ಲಿ ಆರೋಗ್ಯ ಮಿತ್ರ ಅಂತ ಕೌಂಟರಿನ್ಯಾಗ ಕುಂತಿರ್ತಾರ, ಕಾರ್ಡಿನ ಕೆಲ್ಸಾ ಎಲ್ಲಾ ಅವ್ರದೇ. ಹುಡುಗಿ ಕಂಪ್ಯೂಟರಿನ್ಯಾಗ ನೋಡಿ, ‘ಅಣ್ಣಾ, ಈ ಮೊಬೈಲ್ ನಂಬರ್ ನಿಮ್ದೇನ್ರಿ?’ ಅಂದ್ಳು. ನಮ್ದಲ್ಲ. ಅವ್ವನ ಹೆಸ್ರು, ಅವ್ವನ ಫೋಟೋ, ಅವ್ವನ ಹುಟ್ಟಿದ ವರ್ಷ, ನಂಬರ್ ಮಾತ್ರ ಯಾರದೋ. ಮುಂದಿನ ಮೆಸೇಜು, ಮುಂದಿನ ಓಟಿಪಿ, ಎಲ್ಲಾ ಆ ಯಾರದೋ ಫೋನಿಗಿ ಹೋಗ್ತಿದ್ವು. ಒಂದ್ ಸಮಾಧಾನ ಅಂದ್ರ ಅಷ್ಟರ ತನಕ ಯಾವ ದವಾಖಾನಿನೂ ಏನೂ ಬಿಲ್ ಹಾಕಿದ್ದಿಲ್ಲ. ಪಾಪ ಆ ಹುಡುಗಿ ಊಟದ ಟೈಮ್ ಬಿಟ್ಟು ಅರ್ಜಿ ಬರ್ಸಿ, ನಂಬರ್ ಬದಲಾಯ್ಸ್ಲಕ್ಕ ಹಾಕಿಕೊಟ್ಳು, ಆಯುಷ್ಮಾನ್ ಸಹಾಯವಾಣಿ 14555 ಕ್ಕೂ ಫೋನ್ ಹಚ್ಚಿ ದೂರು ಬರ್ಸ್ರಿ ಅಂದ್ಳು. ಬರ್ಸ್ದೆ.

ನಂಬರ್ ವಿಷಯಕ್ಕ ಒಂದ್ ಮಾತು ಒಪ್ಕೋಬೇಕು. 2023 ರ ಆಗಸ್ಟಿನ್ಯಾಗ ಸರ್ಕಾರದ ಲೆಕ್ಕ ತಪಾಸ್ ಮಾಡೋ ಸಿಎಜಿ ವರದಿ ಬಂತಲ್ಲ, ಆಯುಷ್ಮಾನಿನ್ಯಾಗ 7,49,820 ಮಂದಿ ಒಂದೇ ಮೊಬೈಲ್ ನಂಬರಿಗಿ ಜೋಡಿಸ್ಯಾರ, ಆ ನಂಬರು ಹತ್ತು ಒಂಬತ್ತು, 9999999999 ಅಂತ, ಆವಾಗ ದೇಶ ಎಲ್ಲಾ ನಕ್ತು. ನನಗ ನಗು ಬರ್ಲಿಲ್ಲ. ಆ ಒಂಬತ್ತು ಯಾರ್ ಹೊಡಿತಾರ ಅಂತ ನನಗ ಗೊತ್ತದ. ಮುದುಕಿ ಬರ್ತಾಳ, ಫೋನ್ ಇರಲ್ಲ, ಮಗ ಪುಣೆದಾಗ ಕಟ್ಟಡ ಕೆಲ್ಸಕ್ಕ ಹೋಗ್ಯಾನ, ನಂಬರ್ ನೆನಪಿಲ್ಲ, ಹಿಂದ ಸಾಲ್ ನಿಂತದ, ಫಾರಂ ಮುಂದಕ್ಕ ಹೋಗ್ಲಕ್ಕ ಒಲ್ಲೆ ಅಂತದ. ಹೊಡಿ ಒಂಬತ್ತು. ಆಯುಷ್ಮಾನಿಗಿ ಅಲ್ಲದಿದ್ರೂ ಬೇರೆ ಫಾರಂಗಳಿಗಿ ನಾನೂ ಹೊಡ್ದೀನಿ. ಮುದುಕಿಗಿ ಉಪಕಾರ ಮಾಡ್ಲತ್ತೀನಿ ಅಂತಾನೇ ತಿಳ್ಕೊಂಡಿದ್ದೆ, ಈಗ ನೆನಸ್ಕೊಂಡ್ರ ಕೀಲಿ ಹಾಕ್ದೇ ಬಾಗಿಲು ಬರೇ ಮುಂದ ಮಾಡಿ ಬಂದಂಗಾಗ್ಯಾದ. ಅದೇ ವರದಿಯಾಗ ಇನ್ನೊಂದದ, ಮೊದ್ಲೇ ಸತ್ತಾರ ಅಂತ ದಾಖಲಾದ 3,446 ಮಂದಿ ಹೆಸರಿಗಿ ಮತ್ತ ಚಿಕಿತ್ಸೆ ತೋರ್ಸಿ 6.97 ಕೋಟಿ ರೂಪಾಯಿ ಕೊಟ್ಟಾರ ಅಂತ. ಸತ್ತಾವ್ರು ಓಟಿಪಿ ಹೇಳ್ಲಕ್ಕ ಬರಲ್ಲ. ಅಂದ್ರ ತಪ್ಪೆಲ್ಲಾ ಫೋನ್ ಎತ್ತಿದ ಮುದುಕರದ್ದೇ ಅನ್ನೋದು ಸುಳ್ಳು, ಒಳಗಿನ ಕೈ ಇಲ್ದೇ ಈ ಬಿಲ್ ಪಾಸಾಗಲ್ಲ.

ಖಾಸಗಿ ಪಾಲಿಸಿ ಇದ್ದಾವ್ರಿಗಿ ಬೇರೆ ನಮೂನಿ ಫೋನ್ ಬರ್ತಾವ. ಎದುರು ಮನಿ ರಿಟೈರ್ಡ್ ಮಾಸ್ತರಿಗಿ ‘ಐಆರ್‌ಡಿಎಐ ಆಫೀಸಿಂದ ಮಾತಾಡ್ಲತ್ತೀವಿ, ನಿಮ್ ಹೆಲ್ತ್ ಪಾಲಿಸಿಗಿ ಬೋನಸ್ ಬಂದದ, ಬಿಡ್ಸ್ಕೊಳಕ್ಕ ಇನ್ನೊಂದ್ ಪಾಲಿಸಿ ತಗೋಬೇಕು’ ಅಂತ. ಆ ಆಫೀಸು ಇಲ್ಲೇ ಹೈದರಾಬಾದಿನ್ಯಾಗ ಅದ, ಅದರ ಕೆಲ್ಸ ವಿಮಾ ಕಂಪನಿಗಳ ಮ್ಯಾಲ ಕಣ್ಣಿಡೋದು, ಪಾಲಿಸಿ ಮಾರೋದೂ ಇಲ್ಲ ಬೋನಸ್ ಹಂಚೋದೂ ಇಲ್ಲ ಅಂತ ಅವ್ರೇ ಎಷ್ಟೋ ಸಲ ಪ್ರಕಟಣೆ ಕೊಟ್ಟಾರ. ಮಾಸ್ತರು ಹುಷಾರು, ಆ ಆಫೀಸಿನ ಸಹಾಯವಾಣಿ 155255 ಕ್ಕ ಹಚ್ಚಿ ಅಲ್ಲೇ ಕೇಳಿ ಬಿಟ್ರು. ಗಣಿತದ ಮಾಸ್ತರು.

ಅಂಗಡ್ಯಾಗ ಈಗ ಸ್ವಲ್ಪ ಬದಲ್ ಮಾಡೀನಿ, ದೊಡ್ಡದೇನಲ್ಲ. ಲ್ಯಾಮಿನೇಷನ್ ಮಾಡಿಸ್ಕೊಳಾವ್ರಿಗಿ ಕೊನೀ ನಾಲ್ಕ್ ಅಂಕಿ ಮಾತ್ರ ಕಾಣೋ ಆಧಾರ್ ತಗ್ದು ಕೊಡ್ತೀನಿ. ಕೀಬೋರ್ಡಿಗಿ ಉದ್ದ ವೈರಿಂದು ತಂದೀನಿ, ಓಟಿಪಿ ಬಂದ ಕೂಡ್ಲೇ ಅದನ್ನ ಗಿರಾಕಿ ಕಡಿ ತಿರುಗಸ್ತೀನಿ, ನೀವೇ ಹೊಡೀರಿ ಅಂತ. ಮೊದಲ್ನೇ ವಾರ ಬಾಜು ಅಂಗಡಿಯಾವ ನಕ್ಕ. ಆಯಿಗಳು ಒಂದ್ ಬೆರಳಿಲಿಂದ ಹುಡುಕಿ ಹುಡುಕಿ ಹೊಡೀತಾರ, ನಾಲ್ಕನೇ ಅಂಕಿಗಿ ಹೋಗೋದ್ರಾಗ ಒಂದನೇದು ಸರಿ ಅದೇನು ಅಂತ ತಿರುಗಿ ನೋಡ್ತಾರ, ಹಿಂದ ನಿಂತಾವ್ರು ಗೊಣಗ್ತಾರ, ಕೆಲವ್ರು ಸಿಟ್ಟಾಗಿ ಬೇರೆ ಸೆಂಟರಿಗಿ ಹೋಗ್ಯಾರ. ಧಂದಾ ಕಮ್ಮಿ ಆಗ್ಯಾದ ಅನ್ನೋದು ಸುಳ್ಳಲ್ಲ. ಆದ್ರ ಮೊನ್ನೆ ಒಬ್ಬ ಮುತ್ಯಾ ಆರೂ ಅಂಕಿ ಹೊಡ್ದು, ಹಸಿರು ಟಿಕ್ ಬಂದಾಗ, ‘ನಾ ಹೊಡ್ದಿದ್ದೇನು ಇದು?’ ಅಂತ ಕೇಳಿದ ಕೇಳಿಕಿ ನಾ ಮರಿಯಂಗಿಲ್ಲ.

ಬೆಲ್ಟ್ ಏನಾಯ್ತು ಅಂತ ಕೇಳ್ತೀರಿ. ಬಿಸಾಕ್ತೀನಿ ಅಂದೆ, ಅವ್ವ ಬಿಡ್ಲಿಲ್ಲ. ‘ಕಳ್ಳ ಕೊಟ್ರೇನಾಯ್ತು, ಛಲೋ ಅದ’ ಅಂದ್ಳು. ಡಾಕ್ಟರಿಗಿ ತೋರ್ಸಿದ್ರ ಅವ್ರು ಕಾಲ್ ಒತ್ತಿ ನೋಡಿ, ಸೈಜ್ ದೊಡ್ಡದಾಯ್ತು ಆದ್ರೂ ನಡೀತದ, ಮಾತ್ರೆ ಮಾತ್ರ ತಪ್ಪಿಸ್ಬ್ಯಾಡ್ರಿ ಅಂದ್ರು. ಆರ್ ತಿಂಗಳ ಹಿಂದೇ ನಾ ಕರ್ಕೊಂಡ್ ಹೋಗಿದ್ರ ಇದೇ ಮಾತ್ರೆ ಆವಾಗೇ ಸಿಗ್ತಿತ್ತು.

ಹೋದ ವಾರ ಗ್ಯಾಸಿನ ಕೆವೈಸಿ ಮಾಡ್ಬೇಕಾಗಿತ್ತು. ಅಂಗಡ್ಯಾಗಿಂದೇ ಅವ್ವಗ ಫೋನ್ ಹಚ್ಚಿ, ಅವ್ವಾ ಓಟಿಪಿ ಬಂದದ ನೋಡು, ಹೇಳು ಅಂದೆ. ಆ ಕಡಿಂದ ಸುಮ್ಕಾಯ್ತು.

‘ಯಾರ್ ಮಾತಾಡ್ಲತ್ತೀರಿ?’

ನಾನವ್ವಾ ಅಂದೆ.

‘ದನಿ ನಮ್ ಹುಡುಗಂದೇ ಇದ್ದಂಗದ’ ಅಂದ್ಳು, ಯಾರಿಗೋ ಬಾಜುಕ ಕುಂತಾವ್ರಿಗಿ ಹೇಳಿದಂಗ. ಆಮ್ಯಾಲ ನನಗ, ‘ಬೇಕಂದ್ರ ಮನಿಗಿ ಬಂದು ನೋಡ್ಕೋ.’ ಫೋನ್ ಇಟ್ಳು.

ಶಟರ್ ಅರ್ಧ ಎಳ್ದು, ಆ ಉರಿ ಬಿಸಲಾಗ ಗಾಡಿ ತಗೊಂಡು ಮನಿಗಿ ಹೋದೆ, ಆರು ಅಂಕಿಗಿ. ಕಟ್ಟಿಮ್ಯಾಲ ಓಣಿ ಹೆಣ್ಮಕ್ಕಳ ನಡುವ ಬೆಲ್ಟ್ ಕಟ್ಕೊಂಡು ಕುಂತಿದ್ಳು, ಫೋನ್ ಸೆರಗಿನ್ಯಾಗ ಸುತ್ತಿಟ್ಟು. ತಗ್ದು ಕೊಟ್ಳು. ಅಷ್ಟರಾಗ ಟೈಮ್ ಮುಗ್ದಿತ್ತು.

‘ಮತ್ತೊಂದ್ ಕಳಸು ಅನ್ನು ಅವ್ರಿಗಿ’ ಅಂದ್ಳು, ‘ಏನವಸರ?’